ಹಾವೇರಿ ಕೋರ್ಟಿಗೆ ಹೊರಟ ಕೋಳಿ

ಬ್ಯಾಡಗಿಗೆ ಹೊಸದಾಗಿ ಬಂದವರನ್ನು ಗುರುತು ಹಿಡಿಯುವುದು ಸುಲಭ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಬಸ್ಸಿನಿಂದ ಇಳಿದವರೇ ಸೀನಲು ಶುರು ಮಾಡುತ್ತಾರೆ. ಊರಿನವರು ಮಾತ್ರ ಏನೂ ಆಗದವರ ಹಾಗೆ ಅಡ್ಡಾಡಿಕೊಂಡಿರುತ್ತಾರೆ. ನಾನು ರಾಣೇಬೆನ್ನೂರಿನವಳು, ಹದಿನೈದು ದಿನ ಬಿಡದೆ ಸೀನಿದೆ. ಹದಿನಾರನೆಯ ದಿನ ಸೀನು ನಿಂತಾಗ ಗ್ರಂಥಾಲಯದ ಮುಖ್ಯಸ್ಥರಾದ ನಮ್ಮ ಸರ್ ಕನ್ನಡಕದ ಮೇಲಿಂದ ನೋಡಿ, ಇನ್ನು ನೀವು ಈ ಊರಿನವರಾದಿರಿ ಎಂದರು. ಅವರ ಬಾಯಿಂದ ನನಗೆ ಬಂದ ಮೊದಲ ಒಳ್ಳೆಯ ಮಾತು ಅದು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷಗಳಾಗಿದ್ದವು. ನನಗೆ ಇಪ್ಪತ್ಮೂರು ವಯಸ್ಸು, ಹಂಗಾಮಿ ಕೆಲಸ, ಮೂಗಿನ ತುದಿಯಲ್ಲೇ ಸಿಟ್ಟು. ಬೆಳಗಿನ ಬಸ್ಸಿಗೆ ರಾಣೇಬೆನ್ನೂರು ಬಿಟ್ಟು ಸಂಜೆಯ ಬಸ್ಸಿಗೆ ವಾಪಸು. ನಡುವೆ ಪುಸ್ತಕಗಳ ಧೂಳು ಹೊಡೆಯುವುದು, ಬೆನ್ನಿಗೆ ನಂಬರು ಅಂಟಿಸುವುದು, ಪೇಪರುಗಳನ್ನು ಕೋಲಿಗೆ ಸಿಕ್ಕಿಸುವುದು. ನಾನು ಪುಸ್ತಕ ಓದುವ ಆಸೆಗೆ ಆ ಕೆಲಸಕ್ಕೆ ಸೇರಿದ್ದೆ. ಓದುವುದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಮಾಡುತ್ತಿದ್ದೆ.

ಒಂದು ದಿನ ಮೇಲಿನಿಂದ ಸುತ್ತೋಲೆ ಬಂತು. ಚಿಕ್ಕ ಮಕ್ಕಳಿಗೆ ವಾರಕ್ಕೊಮ್ಮೆಯಾದರೂ ಕತೆ ಹೇಳಬೇಕು, ಪುಸ್ತಕದ ರುಚಿ ಹತ್ತಿಸಬೇಕು ಎಂದು ಅದರಲ್ಲಿತ್ತು. ಸರ್ ಅದನ್ನು ಎರಡು ಸಲ ಓದಿ, ಮಡಚಿ, ನನ್ನ ಮೇಜಿನ ಮೇಲಿಟ್ಟು ಹೋದರು. ಯಾರಿಗೂ ಬೇಡವಾದ ಕೆಲಸಗಳೆಲ್ಲ ಆ ಮೇಜಿಗೇ ಬರುತ್ತಿದ್ದವು. ಈ ಸಲ ನನಗೆ ಸಿಟ್ಟು ಬರಲಿಲ್ಲ, ಖುಷಿಯಾಯಿತು. ಯಾರಿಗೂ ತೋರಿಸಿಕೊಳ್ಳಲಿಲ್ಲ ಅಷ್ಟೆ.

ಮಕ್ಕಳನ್ನು ಹುಡುಕಿಕೊಂಡು ಹೋಗುವ ಕಷ್ಟವೂ ಇರಲಿಲ್ಲ. ನಮ್ಮ ಕಟ್ಟಡದ ಹಿಂದೆಯೇ ಒಬ್ಬ ದಲಾಲರ ಅಂಗಳ. ಅಲ್ಲಿ ಕೆಂಪು ರಾಶಿಗಳ ಸುತ್ತ ಕೂತು ಹೆಂಗಸರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಜೊತೆಗೆ ಬಂದ, ಇನ್ನೂ ಶಾಲೆಗೆ ಸೇರದ ಮಕ್ಕಳು ಅಲ್ಲೇ ಚೀಲಗಳ ಮೇಲೆ ಹತ್ತಿ ಇಳಿದು ಬೈಸಿಕೊಳ್ಳುತ್ತಿದ್ದರು. ಆ ಹೆಂಗಸರಿಗೆಲ್ಲ ಹಿರಿಯಳು ಒಬ್ಬ ಅಜ್ಜಿ. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಅವಳು ಹೂಂ ಎಂದರೆ ಆ ಅಂಗಳದಲ್ಲಿ ಆಯಿತು ಎಂದರ್ಥ. ನಾನು ಹೋಗಿ ಕೇಳಿದೆ. ಆಯಿ ತಲೆ ಎತ್ತದೆ, ಒಂದು ತಾಸು ಪೀಡೆ ತಪ್ಪಿದರೆ ಒಳ್ಳೆಯದೇ ಎಂದು ತನ್ನ ಐದು ವರ್ಷದ ಮೊಮ್ಮಗಳನ್ನೂ ಇನ್ನೂ ಏಳೆಂಟು ಮಕ್ಕಳನ್ನೂ ನನ್ನ ಹಿಂದೆ ಅಟ್ಟಿದಳು.

ಮೊದಲ ದಿನದ ಕತೆ ಕೇಳಬೇಡಿ. ಬೀರುವಿನಿಂದ ಬಣ್ಣದ ಚಿತ್ರಗಳ ಒಂದು ಪುಸ್ತಕ ತೆಗೆದು, ಬಹಳ ಸ್ಪಷ್ಟವಾಗಿ, ರೇಡಿಯೋದಲ್ಲಿ ವಾರ್ತೆ ಓದುವವರ ದನಿಯಲ್ಲಿ ಓದಿದೆ. ಎರಡು ಸಾಲು ಮುಗಿಯುವುದರೊಳಗೆ ಮೊಮ್ಮಗಳು ಹೂಂ ಎಂದಳು. ಗೋಡೆಯ ಮೇಲೆ ‘ಮೌನವಾಗಿರಿ’ ಎಂಬ ದೊಡ್ಡ ಬೋರ್ಡಿತ್ತು. ನಾನು ತುಟಿಯ ಮೇಲೆ ಬೆರಳಿಟ್ಟೆ. ಅವಳು ಬಾಯಿ ಮುಚ್ಚಿದಳು. ಐದು ನಿಮಿಷಕ್ಕೆ ಇಬ್ಬರು ನಿದ್ದೆ ಹೋದರು, ಒಬ್ಬ ಮೇಜಿನ ಕೆಳಗೆ ಸೇರಿಕೊಂಡ, ಉಳಿದವರು ಫ್ಯಾನನ್ನು ನೋಡುತ್ತ ಕೂತರು. ಕತೆಯ ಆನೆಮರಿ ಕೆರೆ ಮುಟ್ಟಿದ್ದು ನನಗೊಬ್ಬಳಿಗೇ ಗೊತ್ತು.

ಮಾರನೆಯ ವಾರ ಊಟದ ಹೊತ್ತಿಗೆ ಡಬ್ಬಿ ತೆಗೆದುಕೊಂಡು ಆಯಿಯ ಹತ್ತಿರವೇ ಹೋಗಿ ಕೂತೆ. ಆಕೆ ಮಕ್ಕಳಿಗೆ ಕತೆ ಹೇಳುತ್ತಿದ್ದಳು, ಕೈ ತೊಟ್ಟು ಬಿಡಿಸುತ್ತಲೇ ಇತ್ತು. ಬ್ಯಾಡಗಿಯ ಒಂದು ಕೋಳಿ ಮೆಣಸಿನಕಾಯಿ ರಾಶಿಯಲ್ಲಿ ಮೊಟ್ಟೆ ಇಟ್ಟಿತ್ತು. ಹೂಂ ಎಂದರು ಮಕ್ಕಳು. ಕಾಳು ತಿಂದು ಬರುವುದರೊಳಗೆ ಮೊಟ್ಟೆ ಮಾಯ. ಹೂಂ. ಬೆಕ್ಕೇ ಕದ್ದದ್ದು ಎಂದು ಕೋಳಿಗೆ ಗುಮಾನಿ. ಹೂಂ. ಫಿರ್ಯಾದಿ ಕೊಡಲು ಕೋಳಿ ಹಾವೇರಿ ಕೋರ್ಟಿಗೆ ಹೊರಟಿತು. ಹೂಂ. ಅಷ್ಟರಲ್ಲಿ ಒಂದು ಲಾರಿ ಬಂತು, ಮಕ್ಕಳ ಗಮನ ಅತ್ತ ಹೋಯಿತು, ಯಾರೂ ಹೂಂ ಎನ್ನಲಿಲ್ಲ. ಆಯಿ ತಟ್ಟನೆ ಕತೆ ನಿಲ್ಲಿಸಿಬಿಟ್ಟಳು. ಯಾಕೆ ಎಂದು ಕೇಳಿದೆ.

“ಹೂಂ ಅನ್ನಲಿಲ್ಲಂದ್ರ ಕೋಳಿ ಹೆಂಗ ಹೊಕ್ಕೈತಿ ಯವ್ವಾ? ಎಲ್ಲಿ ಐತೋ ಅಲ್ಲೇ ನಿಂದರತೈತಿ.”

ನಮ್ಮ ಮನೆಯಲ್ಲೂ ಚಿಕ್ಕಂದಿನಲ್ಲಿ ಕತೆಗೆ ಹೂಂ ಎನ್ನುತ್ತಿದ್ದೆವು. ಅದು ನಿದ್ದೆ ಬಂದಿದೆಯೋ ಇಲ್ಲವೋ ನೋಡುವುದಕ್ಕೆ ಎಂದುಕೊಂಡಿದ್ದೆ. ಈ ಮಕ್ಕಳಿಗೆ ಹಾಗಲ್ಲ. ಲಾರಿ ಹೋದದ್ದೇ ಮೊಮ್ಮಗಳು ಓಡಿ ಬಂದು, ಕೋಳಿ ಬಿಸಿಲಲ್ಲಿ ನಿಂತಿದೆ ಎಂದು ಗಾಬರಿಯಿಂದ ಮೂರು ಸಲ ಹೂಂ ಎಂದಳು. ಆಗಲೇ ಕೋಳಿ ಮುಂದೆ ಹೆಜ್ಜೆ ಇಟ್ಟಿದ್ದು. ಆನೆಮರಿಗೆ ನಾನು ಮಾಡಿದ ಅನ್ಯಾಯ ನನಗೆ ಆಗ ತಿಳಿಯಿತು.

ಈ ಕತೆಯನ್ನು ನಾನು ಹೇಳಲೇ ಎಂದು ಆಯಿಯ ಅಪ್ಪಣೆ ಕೇಳಿದೆ. ಆಕೆಗೆ ನಗು ಬಂತು. ಪುಸ್ತಕದ ಕತೆ ಕತೆಯೇ ಅಲ್ಲ, ಅದು ಹೂಂ ಕೇಳುವುದಿಲ್ಲ, ತನ್ನಷ್ಟಕ್ಕೆ ತಾನು ಹೇಳಿಕೊಂಡು ಹೋಗುತ್ತದೆ, ನೀನು ನನ್ನ ಕೋಳಿಯನ್ನೇ ಕರಕೊಂಡು ಹೋಗು ಎಂದಳು.

ಕರಕೊಂಡು ಹೋದೆ. ಗೋಡೆಯ ಹಳೆಯ ಕ್ಯಾಲೆಂಡರುಗಳ ಹಾಳೆ ಕಿತ್ತು, ಹಿಂಬದಿಯಲ್ಲಿ ದಪ್ಪ ಅಕ್ಷರಗಳಲ್ಲಿ, ಮಕ್ಕಳು ಹೇಳಿದ ಹಾಗೇ ಒಂದೊಂದು ಹಾಳೆಗೆ ಒಂದೊಂದು ಸಾಲು ಬರೆದೆ. ಕೋಳಿಯ ಚಿತ್ರವನ್ನೂ ಬಿಡಿಸಿದೆ, ಅದು ಬಾತುಕೋಳಿಯ ಹಾಗೆ ಬಂತು, ಯಾರೂ ತಕರಾರು ಮಾಡಲಿಲ್ಲ. ತಕರಾರು ಬಂದದ್ದು ಬೇರೆ ಕಡೆಯಿಂದ. ಮೊಮ್ಮಗಳು ಹಾಳೆಯನ್ನು ಮೇಲಿಂದ ಕೆಳಗೆ ನೋಡಿ, ಹೂಂ ಎಲ್ಲಿ ಬರೆದಿದ್ದೀರಿ ಎಂದು ಕೇಳಿದಳು. ಅವಳ ಮಾತು ಸರಿಯಾಗಿತ್ತು. ಪ್ರತಿ ಹಾಳೆಯ ಕೆಳಗೂ ಕೆಂಪು ಮಸಿಯಲ್ಲಿ ಒಂದು ಹೂಂ ಬರೆದು, ಹಾಳೆಗಳನ್ನು ಹೊಲಿದು ಪುಸ್ತಕ ಮಾಡಿದೆ. ನಾನು ಸಾಲನ್ನು ಓದಬೇಕು, ಒಬ್ಬರು ಎದ್ದು ಬಂದು ಕೆಂಪಕ್ಷರದ ಮೇಲೆ ಬೆರಳಿಟ್ಟು ಹೂಂ ಎನ್ನಬೇಕು. ಎಲ್ಲರೂ ಅ ಆ ಇ ಈಯಿಂದ ಕಲಿಯುತ್ತಾರೆ. ನನ್ನ ಮಕ್ಕಳು ಮೊಟ್ಟಮೊದಲು ಓದಲು ಕಲಿತದ್ದು ಹೂಂ. ಅದಾದ ಮೇಲೆ ಕೋಳಿ, ಆಮೇಲೆ ಹಾವೇರಿ. ಹಾವೇರಿಗೆ ಹೋಗುವ ಬಸ್ಸಿನ ಬೋರ್ಡನ್ನು ಮೊಮ್ಮಗಳು ರಸ್ತೆಯಲ್ಲಿ ನಿಂತು ಓದಿ, ಕೋಳಿ ಹೋದ ಬಸ್ಸು ಎಂದು ಕೂಗಿದಳಂತೆ. ಕಂಡಕ್ಟರಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ.

ಒಳಗಿನ ಓದುಗರಿಗೆ ಈ ಗದ್ದಲ ಹಿಡಿಸುತ್ತಿತ್ತೆಂದು ಹೇಳಲಾರೆ. ದಿನಾ ಬರುವವರಲ್ಲಿ ಒಬ್ಬ ಹಿರಿಯರಿದ್ದರು. ಹಾವೇರಿ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾಗಿ ಆಗಷ್ಟೇ ಊರಿಗೆ ಮರಳಿದ್ದರು. ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಎಷ್ಟೋ ಖಾಲಿ ಕುರ್ಚಿಗಳಿದ್ದರೂ ಮಕ್ಕಳ ಮೂಲೆಗೆ ಹತ್ತಿರದ ಕುರ್ಚಿಯಲ್ಲೇ ಕೂತು, ಮುಖಕ್ಕೆ ಅಡ್ಡವಾಗಿ ಪೇಪರು ಹಿಡಿದು, ಒಂದೇ ಪುಟವನ್ನು ತಾಸುಗಟ್ಟಲೆ ಓದುತ್ತಿದ್ದರು. ನಮ್ಮ ತಪ್ಪು ಹುಡುಕುವುದಕ್ಕೇ ಅಲ್ಲಿ ಕೂರುತ್ತಾರೆಂದು ನಾನು ತೀರ್ಮಾನಿಸಿ, ಒಳಗೊಳಗೇ ಅವರ ಮೇಲೆ ಹಲ್ಲು ಮಸೆಯುತ್ತಿದ್ದೆ.

ಆಮೇಲೆ ನಡೆದದ್ದು ನನ್ನ ತಪ್ಪಿನಿಂದ. ಮೆಣಸಿನಕಾಯಿಯ ಅಂಗಳದಿಂದ ಬಂದ ಮಕ್ಕಳು ಪುಸ್ತಕ ಮುಟ್ಟುವ ಮೊದಲು ಕೈ ತೊಳೆಯಲೆಂದು ಬಾಗಿಲಲ್ಲಿ ಒಂದು ಬಕೆಟ್ ನೀರಿಟ್ಟಿದ್ದೆ. ರಾಣೇಬೆನ್ನೂರಿನವಳ ಬುದ್ಧಿ ಅಷ್ಟೇ ದೂರ ಓಡಿದ್ದು. ಬರಿಯ ನೀರಿಗೆ ಖಾರ ಹೋಗುವುದಿಲ್ಲ ಎಂಬುದು ಬ್ಯಾಡಗಿಯ ಕೂಸಿಗೂ ಗೊತ್ತು, ನನಗೆ ಗೊತ್ತಿರಲಿಲ್ಲ. ಅವತ್ತಿನ ಪೇಪರಿನಲ್ಲಿ ಕೋಳಿಯ ದೊಡ್ಡ ಚಿತ್ರವಿತ್ತು. ನಾನೇ ಅದನ್ನು ಮಕ್ಕಳ ಕೈಗೆ ಕೊಟ್ಟೆ. ಅವರು ಸವರಿ, ಮುಟ್ಟಿ, ಮೂಲೆಮೂಲೆಗೂ ಬೆರಳೊತ್ತಿ ನೋಡಿದರು. ಆಮೇಲೆ, ಕತೆಯ ನಡುವಿನ ಬಿಡುವಿನಲ್ಲಿ, ಪೇಪರು ಶಿರಸ್ತೇದಾರರ ಕೈಗೆ ಹೋಯಿತು. ಬ್ಯಾಡಗಿಯಲ್ಲಿ ಸುಗ್ಗಿಯ ದಿನಗಳಲ್ಲಿ ಯಾರೂ ಬೆರಳು ನೆಕ್ಕಿ ಹಾಳೆ ತಿರುಗಿಸುವುದಿಲ್ಲ. ಅವರೋ ವರ್ಷಗಟ್ಟಲೆ ಹಾವೇರಿಯಲ್ಲಿ ಬೆರಳು ನೆಕ್ಕಿಯೇ ಕಡತ ತಿರುಗಿಸಿದವರು.

ಮೊದಲು ನಾಲಿಗೆ, ಆಮೇಲೆ ತುಟಿ. ತುಟಿ ಒರೆಸಿಕೊಂಡ ಬೆರಳನ್ನೇ ಕಣ್ಣಿಗೂ ಒಯ್ದರು. ಆ ಮನುಷ್ಯ ಎದ್ದು ನಿಂತು ಕುಣಿದದ್ದನ್ನು ನೋಡಿ ಮಕ್ಕಳು, ಇದೂ ಕತೆಯ ಭಾಗವೆಂದು ತಿಳಿದು ಹೂಂ ಹೂಂ ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅದನ್ನು ಅವರು ಉಳಿದ ಒಂದು ಕಣ್ಣಿನಿಂದ ನೋಡಿದರು.

ಸಂಜೆಯೊಳಗೆ ಎರಡು ಪುಟಗಳ ಅರ್ಜಿ ಸರ್ ಮೇಜಿನ ಮೇಲಿತ್ತು. ಅಕ್ಷರಗಳು ಮುತ್ತಿನಂತಿದ್ದವು. ಗದ್ದಲ, ಖಾರ, ಸಿಬ್ಬಂದಿಯ ಉಡಾಫೆ ಎಂದು ಒಂದೊಂದಕ್ಕೂ ನಂಬರು ಹಾಕಿದ್ದರು. ಅದರ ಒಂದು ಪ್ರತಿ ಹಾವೇರಿಯ ಜಿಲ್ಲಾ ಗ್ರಂಥಾಲಯದ ಸಾಹೇಬರಿಗೂ ಹೋಗಿತ್ತು. ಬರುವ ವಾರ ತಾವೇ ಬಂದು ನೋಡುವುದಾಗಿಯೂ, ದೂರು ನಿಜವಾದರೆ ಮಕ್ಕಳ ತಾಸನ್ನು ನಿಲ್ಲಿಸುವುದಾಗಿಯೂ ಸಾಹೇಬರಿಂದ ಫೋನು ಬಂತು. ಅಂದು ಒಂದು ಹೂಂ ಕೂಡ ಕೇಳಬಾರದು ಎಂದು ಸರ್ ನನ್ನನ್ನು ಎಚ್ಚರಿಸಿದರು. ಖಾರದ ಸಂಗತಿಯಲ್ಲಿ ತಪ್ಪು ನನ್ನದು, ಮಕ್ಕಳದಲ್ಲ ಎಂದು ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಸಿಟ್ಟಿನವರು ಧೈರ್ಯವಂತರೆಂದು ಜನ ತಿಳಿಯುತ್ತಾರೆ, ಅದು ಸುಳ್ಳು.

ಆಯಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಅವಳ ಕೈ ನಿಂತದ್ದನ್ನು ನಾನು ಮೊದಲ ಸಲ ನೋಡಿದ್ದು.

“ನಮ್ಮ ಕೈಯಾಗ ಖಾರ ಇರೂದ ತಂಗಿ. ಅದು ಬ್ಯಾಡಂದ್ರ ನಮ್ಮ ಮಕ್ಕಳೂ ಬ್ಯಾಡಂದಂಗ. ನಾ ಕಳಸೂದಿಲ್ಲ.”

ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತು, ಬಕೆಟ್ಟಿನ ಕತೆಯನ್ನೂ, ಪೇಪರು ಕೊಟ್ಟವಳು ನಾನೇ ಎಂಬುದನ್ನೂ ಹೇಳಿದೆ. ಆ ಒಂದು ತಾಸು ಹೋದರೆ ನನಗೆ ಮತ್ತೆ ಉಳಿಯುವುದು ನಂಬರು ಅಂಟಿಸುವುದು ಮಾತ್ರ. ಅದಕ್ಕಿಂತ ಹೆಚ್ಚಾಗಿ, ಮೊಮ್ಮಗಳು ಹದಿನಾಲ್ಕು ಪದ ಓದಲು ಕಲಿತಿದ್ದಳು, ಹದಿನೈದನೆಯದರ ಹೊಸ್ತಿಲಲ್ಲಿದ್ದಳು. ಆಯಿ ಪೂರ್ತಿ ಕೇಳಿದಳು. ಆಮೇಲೆ ಸೆರಗಿನ ಮರೆಯಿಂದ ಒಂದು ಚಿಕ್ಕ ಎಣ್ಣೆ ಬಾಟಲಿ ತೆಗೆದು ನನ್ನ ಕೈಗಿಟ್ಟಳು. ಮೊದಲು ಎಣ್ಣೆ ಹಚ್ಚಿ ತಿಕ್ಕಬೇಕು, ಆಮೇಲೆ ಸೋಪು, ಕೊನೆಗೆ ನೀರು ಎಂದು ಹೇಳಿಕೊಟ್ಟಳು. ಸಾಹೇಬ ಬರುವ ದಿನ ಒಂದೇ ಸಲ ಕಳಿಸುತ್ತೇನೆ, ಅವನು ಬೇಡವೆಂದರೆ ಮುಗಿಯಿತು ಎಂದಳು.

ಆ ದಿನ ಮಕ್ಕಳ ಕೈಗಳು ಹೊಳೆಯುತ್ತಿದ್ದವು. ಎಣ್ಣೆ ಸ್ವಲ್ಪ ಹೆಚ್ಚೇ ಆಗಿ ಕೂದಲಿಗೂ ಹೋಗಿತ್ತು. ಹೂಂ ಎನ್ನಬಾರದು, ಬರೀ ತಲೆ ಅಲ್ಲಾಡಿಸಿ ಎಂದು ಮೂರು ಸಲ ಹೇಳಿ ಕೂರಿಸಿದೆ. ಸಾಹೇಬರು ಬಂದು ಸರ್ ಪಕ್ಕದಲ್ಲಿ ಕೂತರು. ಶಿರಸ್ತೇದಾರರು ತಮ್ಮ ಕುರ್ಚಿಯಲ್ಲಿ ತಮ್ಮ ಪೇಪರಿನ ಹಿಂದೆ. ನಾನು ಕ್ಯಾಲೆಂಡರ್ ಪುಸ್ತಕ ತೆರೆದು ಮೊದಲ ಹಾಳೆ ಓದಿದೆ. ಒಂದು ಕೋಳಿ ಮೆಣಸಿನಕಾಯಿ ರಾಶಿಯಲ್ಲಿ ಮೊಟ್ಟೆ ಇಟ್ಟಿತು. ಮಕ್ಕಳು ತಲೆ ಅಲ್ಲಾಡಿಸಿದರು. ಎರಡನೆಯದು, ಮೂರನೆಯದು. ತಲೆಗಳು ಅಲ್ಲಾಡಿದವು. ಕೋಳಿ ಮೋಟೆಬೆನ್ನೂರು ದಾಟಿ ದೊಡ್ಡ ರಸ್ತೆಯ ಪಕ್ಕಕ್ಕೆ ಬಂತು ಎಂಬಲ್ಲಿಗೆ ಬಂದೆ.

ಮೊಮ್ಮಗಳು ತಲೆ ಅಲ್ಲಾಡಿಸಲಿಲ್ಲ. ಕೆಂಪಕ್ಷರವನ್ನೇ ನೋಡುತ್ತಿದ್ದಳು. ತುಟಿ ಬಿಗಿದುಕೊಂಡಿದ್ದಳು, ಕೆಳಗಿನ ತುಟಿ ನಡುಗುತ್ತಿತ್ತು. ಅಲ್ಲಿ ಲಾರಿಗಳು ಓಡಾಡುತ್ತವೆ, ಕೋಳಿ ನಿಂತುಬಿಟ್ಟಿದೆ, ಹೂಂ ಎನ್ನಲು ಅವಳ ಅಕ್ಕಾರಾದ ನಾನೇ ಬಿಡುತ್ತಿಲ್ಲ. ಅವಳ ಕಣ್ಣು ತುಂಬಿತು. ಅದನ್ನು ನೋಡಿ ಉಳಿದವರ ತಲೆಗಳೂ ನಿಂತವು. ನನಗೂ ಮುಂದಿನ ಹಾಳೆ ತಿರುಗಿಸಲು ಆಗಲಿಲ್ಲ. ಖರೇ ಹೇಳುತ್ತೇನೆ, ಆಗಲೇ ಇಲ್ಲ. ಹೂಂ ಇಲ್ಲದೆ ಆ ಕೋಳಿಯನ್ನು ನಡೆಸುವುದು ಸುಳ್ಳು ಸಾಕ್ಷಿ ಹೇಳಿದ ಹಾಗೆ ಅನಿಸಿತು. ಫ್ಯಾನು ಮಾತ್ರ ತಿರುಗುತ್ತಿತ್ತು.

“ಹೂಂ.”

ಪೇಪರಿನ ಹಿಂದಿನಿಂದ ಬಂತು. ದಪ್ಪ ದನಿ. ಪೇಪರು ಅಲುಗಲಿಲ್ಲ.

ನಾನು ಹಾಳೆ ತಿರುಗಿಸಿದೆ. ಕಂಡಕ್ಟರ್ ಕೋಳಿಗೆ ಅರ್ಧ ಟಿಕೆಟ್ ಕೊಟ್ಟ ಎಂದು ಓದಿದೆ. ಪೇಪರು ಮತ್ತೆ ಹೂಂ ಎಂದಿತು. ಮೂರನೆಯ ಸಲಕ್ಕೆ ಮಕ್ಕಳಿಗೆ ತಡೆಯಲಾಗಲಿಲ್ಲ, ಎಲ್ಲರೂ ಸೇರಿ ಹೂಂ ಎಂದರು. ಸರ್ ಹಣೆ ಹಿಡಿದುಕೊಂಡರು. ಸಾಹೇಬರು ಎದ್ದು ಹೋಗಿ ಶಿರಸ್ತೇದಾರರ ಪೇಪರನ್ನು ಮೆಲ್ಲಗೆ ಕೆಳಗಿಳಿಸಿ, ಅರ್ಜಿ ಕೊಟ್ಟವರು ತಾವೇ ಅಲ್ಲವೇ ಎಂದು ಕೇಳಿದರು.

“ನಾನ ಕೊಟ್ಟೇನ್ರಿ ಸಾಹೇಬ್ರ. ಅದನ್ನ ವಾಪಸ್ ತಗೋತೇನಿ. ಆದ್ರ ಆ ಕೋಳಿ ಕೇಸ್ ಅರ್ಧಕ್ಕ ಬಿಡಾಕ ಬರೂದಿಲ್ಲ.”

ಅವರು ಮೊದಲ ದಿನದಿಂದ ಕೇಳುತ್ತಿದ್ದರಂತೆ. ಪುಟ ತಿರುಗಿಸಿದರೆ ಸದ್ದಾಗಿ ಮಾತು ತಪ್ಪಿಹೋಗುತ್ತದೆಂದು ಒಂದೇ ಪುಟ ಹಿಡಿದು ಕೂರುತ್ತಿದ್ದರಂತೆ. ನನ್ನ ತೀರ್ಮಾನಗಳೆಲ್ಲ ಅಲ್ಲೇ ಮಣ್ಣುಪಾಲಾದವು. ಎಲ್ಲರ ಮುಂದೆಯೇ ಖಾರದ ತಪ್ಪು ನನ್ನದೆಂದೂ, ನಕ್ಕದ್ದು ಅದಕ್ಕಿಂತ ದೊಡ್ಡ ತಪ್ಪೆಂದೂ ಹೇಳಿದೆ. ಅವರು ಅದಕ್ಕೆ ಕಿವಿಗೊಡಲಿಲ್ಲ. ಅವರಿಗೆ ಬೇರೆ ತಕರಾರಿತ್ತು. ಕೋಳಿ ಸೀದಾ ಜಡ್ಜರ ಮುಂದೆ ಹೋಗುವುದು ಕಾನೂನಿನಲ್ಲಿಲ್ಲ, ಮೊದಲು ಅರ್ಜಿ ಕೊಡಬೇಕು, ಅರ್ಜಿ ತೆಗೆದುಕೊಳ್ಳಲು ಶಿರಸ್ತೇದಾರ ಬೇಕು, ನಿಮ್ಮ ಕತೆಯಲ್ಲಿ ಅವನೇ ಇಲ್ಲ ಎಂದರು. ನಾನು ಅಲ್ಲಿಯೇ ಒಂದು ಕ್ಯಾಲೆಂಡರ್ ಹಾಳೆ ತೆಗೆದೆ. ಶಿರಸ್ತೇದಾರ ಏನು ಹೇಳಿದ ಎಂದು ಬರೆಯಲಿ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ನಾಳೆ ಬಾ ಎಂದು ಬರೆಯಿರಿ ಎಂದರು. ಸಾಹೇಬರು ಜೋರಾಗಿ ನಕ್ಕರು. ಆಮೇಲೆ ಮೊಮ್ಮಗಳನ್ನು ಕರೆದು ಹಾಳೆ ತೋರಿಸಿದರು. ಅವಳು ಕೋಳಿ ಓದಿದಳು, ಹಾವೇರಿ ಓದಿದಳು, ಕೆಂಪು ಹೂಂ ಓದಿದಳು. ಆಗಷ್ಟೇ ಬರೆದ ನಾಳೆ ಎಂಬುದನ್ನೂ ತಡವರಿಸಿ ಓದಿದಳು. ಅದು ಹದಿನೈದನೆಯದು. ಮಕ್ಕಳ ತಾಸು ಮುಂದುವರಿಯಲಿ, ಆ ಒಂದು ತಾಸು ಮೌನದ ಬೋರ್ಡಿಗೆ ರಜೆ ಇರಲಿ ಎಂದು ಸಾಹೇಬರು ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡಿದರು. ಬೋರ್ಡನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟವರು ನಮ್ಮ ಸರ್.

ನಾನು ಹಿಂದಿನ ಅಂಗಳಕ್ಕೆ ಓಡಿದೆ. ಸುದ್ದಿ ಕೇಳಿ ಆಯಿಯ ಕೈ ಒಂದಿಷ್ಟು ಲಗೂ ಆಡಿತು ಅಷ್ಟೆ. ಮುಂದಿನ ವಾರ ಮಕ್ಕಳನ್ನು ಕಳಿಸುವಾಗ ತಾನೂ ಹಿಂದೆಯೇ ಬಂದಳು. ಅಷ್ಟು ವರ್ಷ ನಮ್ಮ ಗೋಡೆಯ ಆಚೆ ಕೂತು ದುಡಿದವಳು ಒಳಗೆ ಬಂದದ್ದು ಅದೇ ಮೊದಲು. ಬಾಗಿಲಲ್ಲಿ ನಿಂತು ತನ್ನ ಕೈಗಳನ್ನು ನೋಡಿಕೊಂಡಳು. ನಾನು ಎಣ್ಣೆ ಬಾಟಲಿ ಮುಂದೆ ಹಿಡಿದೆ. ಎಣ್ಣೆ, ಸೋಪು, ನೀರು, ಎಲ್ಲವನ್ನೂ ಸಾವಕಾಶವಾಗಿ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಮಕ್ಕಳ ಜೊತೆ ನೆಲದ ಮೇಲೆ ಕೂತಳು. ಶಿರಸ್ತೇದಾರರು ಪೇಪರನ್ನು ಮಡಚಿಟ್ಟರು.

ಅಂದು ನಾನು ಓದಲಿಲ್ಲ. ಮೊಮ್ಮಗಳೇ ಕ್ಯಾಲೆಂಡರ್ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದು ಮಾತಿನ ಕೆಳಗೂ ಬೆರಳು ಸರಿಸುತ್ತ ಮೊದಲ ಹಾಳೆ ಓದಿದಳು. ಆಯಿ ಬಾಯಿ ತೆರೆದು ಕೂತಿದ್ದಳು. ತನ್ನ ಕೋಳಿ ಕಾಗದದಿಂದ, ಅದೂ ತನ್ನ ಮೊಮ್ಮಗಳ ಬಾಯಿಂದ ಬರುತ್ತಿರುವುದನ್ನು ನೋಡುತ್ತ ಎಲ್ಲವನ್ನೂ ಮರೆತಿದ್ದಳು. ಮಕ್ಕಳು ಹೂಂ ಎನ್ನಲು ಹೊರಟರು. ಮೊಮ್ಮಗಳು ಕೈ ಅಡ್ಡ ಹಿಡಿದು ಅವರನ್ನು ತಡೆದಳು. ಬೆರಳನ್ನು ಕೆಂಪಕ್ಷರದ ಮೇಲಿಟ್ಟು ಆಯಿಯ ಮುಖವನ್ನೇ ನೋಡುತ್ತ ಕಾದಳು.

“ಆಯಿ, ಕೋಳಿ ನಿಂತೈತಿ.”

ಆಯಿ ಕಣ್ಣೊರೆಸಿಕೊಂಡಳು. ಕೈಯಲ್ಲಿ ಖಾರ ಇರಲಿಲ್ಲ. ಹೂಂ ಎಂದಳು.